ಮಳೆಗಾಲದ ಸಂಜೆ ಆರಂಭವಾಗದ 7 ಮೆಗಾಹರ್ಟ್ಸ್ ಆಸಿಲೇಟರ್: ಮಲ್ಪೆಯ ಸದಸ್ಯರಿಗೆ ಉತ್ತರ

ಮಾನ್ಯರೇ, ಮೇ ತಿಂಗಳಿನಲ್ಲಿ ಕಟ್ಟಿದಾಗ ಸರಿಯಾಗಿಯೇ ಇದ್ದ ನಿಮ್ಮ 7.1 ಮೆಗಾಹರ್ಟ್ಸ್‌ನ ಕಾಲ್ಪಿಟ್ಸ್ ಆಸಿಲೇಟರ್ (ರೇಡಿಯೋ ಆವರ್ತನದ ಸಂಕೇತವನ್ನು ತಾನೇ ಹುಟ್ಟಿಸುವ ಸರ್ಕ್ಯೂಟ್) ಮಳೆ ಹಿಡಿದ ಮೇಲೆ ಸಂಜೆ ಹೊತ್ತು ಆರಂಭವೇ ಆಗುವುದಿಲ್ಲ, ಆರಂಭವಾದ ದಿನವೂ ಅರ್ಧ ಗಂಟೆಯಲ್ಲಿ ಅದರ ಆವರ್ತನ 3 ಕಿಲೋಹರ್ಟ್ಸ್‌ನಷ್ಟು ಕೆಳಗೆ ಸರಿಯುತ್ತದೆ, ಮೂರು ಟ್ರಾನ್ಸಿಸ್ಟರ್ ಬದಲಿಸಿದರೂ ಫಲ ಕಾಣಲಿಲ್ಲ ಎಂದು ಬರೆದಿದ್ದೀರಿ. ನೀವು ಹಾಕಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕಂದು ಬಣ್ಣದ ಅಗ್ಗದ ಬೋರ್ಡು, ಅಡಿಯಲ್ಲಿ ಒರೆಸದೆ ಉಳಿದಿರುವ ಸೋಲ್ಡರಿಂಗ್ ಪೇಸ್ಟ್, ಕೆಂಪು ಟೊರಾಯ್ಡ್ (ಕಾಯಿಲ್ ಸುತ್ತಿದ ಉಂಗುರದಾಕಾರದ ಕೋರ್), ಅದಕ್ಕೆ ತಾಗಿಕೊಂಡೇ ನಿಂತಿರುವ ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ ಭಾಗ) ಕಾಣಿಸುತ್ತಿವೆ. ಆರಂಭವಾಗದಿರುವುದು ಮತ್ತು ಸರಿಯುವುದು ಎರಡು ಬೇರೆ ದೋಷಗಳೆಂದು ನನಗೆ ಅನಿಸುತ್ತದೆ. ಎರಡನ್ನೂ ಒಟ್ಟಿಗೆ ಸರಿಪಡಿಸಲು ಹೋಗಬೇಡಿ.

ಮೊದಲು ಒಂದು ಸಣ್ಣ ವಿಷಯ. ಬಿಎಫ್494 (BF494) ಟ್ರಾನ್ಸಿಸ್ಟರಿನ ಬದಲಿಗೆ ಬಿಸಿ547 (BC547) ಹಾಕಿದ್ದರೆ ಕಾಲುಗಳನ್ನು ಮತ್ತೊಮ್ಮೆ ನೋಡಿ. ಬಿಸಿ547ರಲ್ಲಿ ನಡುವಿನ ಕಾಲು ಬೇಸ್, ಬಿಎಫ್494ರಲ್ಲಿ ಎಮಿಟರ್.

ಸುತ್ತಿ ಬರುವ ಸಂಕೇತಕ್ಕೆ ದಾರಿಯಲ್ಲಿ ಆಗುವ ನಷ್ಟವನ್ನು ಟ್ರಾನ್ಸಿಸ್ಟರ್ ತುಂಬಿಕೊಟ್ಟು ಇನ್ನೂ ಸ್ವಲ್ಪ ಮಿಕ್ಕಿದರೆ ಮಾತ್ರ ಆಸಿಲೇಟರ್ ಆರಂಭವಾಗುತ್ತದೆ. ಈ ಬಗೆಯ ಬೋರ್ಡು ತೇವ ಹೀರುತ್ತದೆ. ಪೇಸ್ಟಿನಲ್ಲಿ ಉಳಿದ ಆಮ್ಲದ ಅಂಶವೂ ಉಪ್ಪುಗಾಳಿಯೂ ಸೇರಿದರೆ ಕಾಯಿಲ್‌ನ ಬಿಸಿ ತುದಿಯಿಂದ (ಸಂಕೇತವಿರುವ ತುದಿ, ಶಾಖದ ಮಾತಲ್ಲ) ನೆಲಕ್ಕೆ, ಅಂದರೆ ಸರ್ಕ್ಯೂಟಿನ ಗ್ರೌಂಡಿಗೆ, ಕಣ್ಣಿಗೆ ಕಾಣದ ಒಂದು ರೆಸಿಸ್ಟರ್ ಜೋಡಿಸಿದಂತಾಗಿ, ಮೇ ತಿಂಗಳಿನಲ್ಲಿ ಮಿಕ್ಕುತ್ತಿದ್ದ ಗೇನ್ (ಟ್ರಾನ್ಸಿಸ್ಟರ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಜುಲೈಯಲ್ಲಿ ಕೊರತೆಯಾಗುತ್ತದೆ. ಪಣಂಬೂರಿನ ಕಡಲ ಬದಿಯ ಬಾಡಿಗೆ ಮನೆಯಲ್ಲಿದ್ದಾಗ ನಾನೂ ಒಂದು ಇಡೀ ಆಟಿ ತಿಂಗಳನ್ನು ಇದೇ ತೊಂದರೆಯಲ್ಲಿ ಕಳೆದಿದ್ದೇನೆ. ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವ ದಿನಗಳಲ್ಲಿ ಬೋರ್ಡು ಮಾತ್ರ ಒಣಗಿರುತ್ತದೆಂದು ಯಾಕೆ ನಂಬಿದ್ದೆನೋ ತಿಳಿಯದು.

ಕಾರಣ ತೇವವೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಬಿಸಿಗಾಳಿ ಊದಿ ನೋಡಬೇಡಿ, ಏಕೆಂದರೆ ಆಗ ಬೋರ್ಡು ಬಿಸಿಯೂ ಆಗುವುದರಿಂದ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಬೋರ್ಡನ್ನು ಬಿಗಿಯಾದ ಮುಚ್ಚಳವಿರುವ ಬಿಸ್ಕೆಟ್ ಡಬ್ಬದಲ್ಲಿ ಹೊಸ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಒಂದು ರಾತ್ರಿ, ಒಂದು ಹಗಲು ಇಟ್ಟು, ಸಂಜೆ ಅದೇ ಹೊತ್ತಿಗೆ ತೆಗೆದು ಕೂಡಲೇ ಚಾಲೂ ಮಾಡಿ. ಚಪ್ಪಲಿ ಡಬ್ಬದಲ್ಲಿ ಬಂದು ತಿಂಗಳುಗಟ್ಟಲೆ ತೆರೆದು ಬಿದ್ದಿದ್ದ ಪೊಟ್ಟಣ ಆಗಲೇ ನೀರು ಕುಡಿದಿರುತ್ತದೆ, ಅದು ಬೇಡ. ಕೋಣೆಯ ಶಾಖ ಅಷ್ಟೇ ಇದ್ದೂ ಆಸಿಲೇಟರ್ ಆರಂಭವಾದರೆ ದೋಷ ತೇವದ್ದೇ.

ಆರಂಭವಾಗಿದೆಯೋ ಇಲ್ಲವೋ ಎಂದು ನೋಡಲು ಮೀಟರಿನ ಕಡ್ಡಿಯನ್ನು ನೇರವಾಗಿ ಇಡಬಾರದು. ಅದರ ತಂತಿಯೇ ಆಸಿಲೇಟರನ್ನು ನಿಲ್ಲಿಸಬಹುದು. ಕಡ್ಡಿಯ ತುದಿಗೆ 10 ಕಿಲೋಓಮ್ ರೆಸಿಸ್ಟರ್ ಸೇರಿಸಿ ಎಮಿಟರ್‌ನ ಡಿಸಿ ವೋಲ್ಟೇಜ್ ಅಳೆಯುತ್ತಾ ಕಾಯಿಲ್‌ನ ಬಿಸಿ ತುದಿಯನ್ನು ಬೆರಳಿನಿಂದ ಮುಟ್ಟಿ. ಅಂಕಿ ಬದಲಾದರೆ ಆಸಿಲೇಟರ್ ನಡೆಯುತ್ತಿದೆ, ಕದಲದಿದ್ದರೆ ಇಲ್ಲ.

ತೇವವೆಂದು ಖಚಿತವಾದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಪೇಸ್ಟನ್ನು ಪೂರ್ತಿಯಾಗಿ ತೊಳೆದು, 60 ವ್ಯಾಟ್‌ನ ಹಳೆಯ ಬಗೆಯ ಬಲ್ಬಿನ ಕೆಳಗೆ ಕೆಲವು ಗಂಟೆ ಒಣಗಿಸಿ. ಒಣಗುವ ಮೊದಲೇ ವಾರ್ನಿಷ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಮತ್ತೊಮ್ಮೆ ಕಟ್ಟುವ ಮನಸ್ಸಿದ್ದರೆ ಗ್ಲಾಸ್ ಎಪಾಕ್ಸಿ ಬೋರ್ಡು ತೆಗೆದುಕೊಳ್ಳಿ. ನಿಮ್ಮ ನಕ್ಷೆಯಲ್ಲಿ ಫೀಡ್‌ಬ್ಯಾಕಿನ (ಸಂಕೇತವನ್ನು ಮರಳಿ ಟ್ರಾನ್ಸಿಸ್ಟರಿಗೆ ಕೊಡುವ) ಎರಡು ಕೆಪಾಸಿಟರ್‌ಗಳೂ 1000 ಪಿಕೋಫ್ಯಾರಡ್‌ನವು, ಅವು 100 ಪಿಕೋಫ್ಯಾರಡ್ ಮೂಲಕ ಕಾಯಿಲ್‌ಗೆ ಸೇರಿವೆ. ಅವುಗಳನ್ನು 680 ಮಾಡಿದರೆ ಆರಂಭಕ್ಕೆ ಇನ್ನಷ್ಟು ಬಲ ಸಿಗುತ್ತದೆ. ಕಾಯಿಲ್‌ಗೆ ಕಾಣುವ ಒಟ್ಟು ಮೊತ್ತ ಸುಮಾರು 6 ಪಿಕೋಫ್ಯಾರಡ್ ಕಡಿಮೆಯಾಗುವುದರಿಂದ ಟ್ರಿಮ್ಮರನ್ನು (ತಿರುಗಿಸಿ ಹೊಂದಿಸುವ ಸಣ್ಣ ಕೆಪಾಸಿಟರ್) ಅಷ್ಟು ಏರಿಸಬೇಕು.

ಇನ್ನು ಸರಿಯುವಿಕೆ. ಕೆಂಪು ಬಣ್ಣದ ಟಿ50-2 ಕೋರ್‌ನ ಇಂಡಕ್ಟೆನ್ಸ್ (ಕಾಯಿಲ್‌ನ ಮೌಲ್ಯ) ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ 95 ಪಾಲು ಏರುತ್ತದೆ. ಆವರ್ತನ ಅದರ ಅರ್ಧದಷ್ಟು ಇಳಿಯುವುದರಿಂದ 7.1 ಮೆಗಾಹರ್ಟ್ಸ್‌ನಲ್ಲಿ ಡಿಗ್ರಿಗೆ ಸುಮಾರು 340 ಹರ್ಟ್ಸ್ ಆಗುತ್ತದೆ. ಪಕ್ಕದ ರೆಗ್ಯುಲೇಟರ್ ಅದನ್ನು 9 ಡಿಗ್ರಿ ಬಿಸಿ ಮಾಡಿದರೆ ನೀವು ಹೇಳಿದ 3 ಕಿಲೋಹರ್ಟ್ಸ್ ಅಲ್ಲೇ ಸಿಕ್ಕಿತು, ದಿಕ್ಕೂ ಹೊಂದುತ್ತದೆ. ರೆಗ್ಯುಲೇಟರನ್ನು ಬೋರ್ಡಿನ ಇನ್ನೊಂದು ತುದಿಗೆ ಕಳುಹಿಸಿ. ಹಳದಿ ಬಣ್ಣದ ಟಿ50-6 ಕೋರ್‌ನಲ್ಲಿ ಈ ಏರಿಕೆ 35 ಪಾಲು ಮಾತ್ರ. ಅದರ ಮೇಲೆ 25 ಸುತ್ತು ಹಾಕಿದರೆ 2.5 ಮೈಕ್ರೋಹೆನ್ರಿ ಬರುತ್ತದೆ, ಅದಕ್ಕೆ ಒಟ್ಟು 200 ಪಿಕೋಫ್ಯಾರಡ್ ಬೇಕು. ಕೆಪಾಸಿಟರ್‌ಗಳೆಲ್ಲ ಎನ್‌ಪಿಓ ಬಗೆಯವಾಗಿರಲಿ (ಬಿಸಿಗೆ ಮೌಲ್ಯ ಹೆಚ್ಚುಕಡಿಮೆ ಬದಲಾಗದವು). ಸಾಮಾನ್ಯ ಡಿಸ್ಕ್ ಸಿರಾಮಿಕ್ ಹಾಕಿದರೆ ಕೋರ್ ಬದಲಿಸಿದ ಶ್ರಮ ವ್ಯರ್ಥ. ಆ 200ರಲ್ಲಿ 47 ಪಿಕೋಫ್ಯಾರಡ್‌ನಷ್ಟನ್ನು ಮಾತ್ರ ಪಾಲಿಸ್ಟೈರೀನ್ ಕೆಪಾಸಿಟರಾಗಿ ಕಾಯಿಲ್‌ಗೆ ಸಮಾಂತರವಾಗಿ ಹಾಕಿ. ಬಿಸಿಗೆ ಅದರ ಮೌಲ್ಯ ಇಳಿಯುವುದರಿಂದ ಕೋರ್‌ನ ಏರಿಕೆ ಬಹುಮಟ್ಟಿಗೆ ಸರಿದೂಗುತ್ತದೆ. ಎಲ್ಲವನ್ನೂ ಪಾಲಿಸ್ಟೈರೀನ್ ಮಾಡಿದರೆ ಆವರ್ತನ ಮೇಲಕ್ಕೆ ಸರಿಯಲಾರಂಭಿಸುತ್ತದೆ. ಆ ತಪ್ಪನ್ನು ನಾನು ಮಾಡಿದ್ದೇನೆ.

ಡಬ್ಬದ ಪರೀಕ್ಷೆ ಮುಗಿಯುವವರೆಗೆ ಕಾಯಿಲನ್ನು ಬಿಚ್ಚಬೇಡಿ. ಆ ಸಂಜೆ ಎಮಿಟರ್ ವೋಲ್ಟೇಜನ್ನೂ, ಅರ್ಧ ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ಆವರ್ತನವನ್ನೂ ಬರೆದು ಇಲ್ಲಿಗೆ ಹಾಕಿದರೆ, ಎಮಿಟರ್ ರೆಸಿಸ್ಟರ್ ಬದಲಿಸಬೇಕೋ ಬೇಡವೋ ಎಂಬುದನ್ನು ಆ ಅಂಕಿಗಳನ್ನು ನೋಡಿ ತಿಳಿಸುತ್ತೇನೆ.