ಮಾತ್ರೆ ಬೀರುವಿನಲ್ಲಿ ಯಾಕಿದೆ?

ತೀರ್ಥಹಳ್ಳಿ ಕಡೆಯ ಪ್ರೌಢಶಾಲಾ ಶಿಕ್ಷಕರೊಬ್ಬರ ದೀರ್ಘ ಪತ್ರವನ್ನು ಓದಿದ ಮೇಲೆ ಈ ವಾರ ಬೇರೆ ಯಾವ ಪತ್ರವನ್ನೂ ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ. ಅವರ ಪತ್ನಿಗೆ 47 ವರ್ಷ. ಸ್ತನ ಕ್ಯಾನ್ಸರ್ ಬೆನ್ನುಮೂಳೆಗೂ ಯಕೃತ್ತಿಗೂ ಹರಡಿದೆ. ಎರಡು ಬಗೆಯ ಕೀಮೋಥೆರಪಿ ಕೊಟ್ಟರೂ ರೋಗ ಹಿಡಿತಕ್ಕೆ ಬಂದಿಲ್ಲ. ಈಗ ವೈದ್ಯರು ಮೂರು ವಾರಕ್ಕೊಮ್ಮೆ ಕೊಡುವ ದುಬಾರಿ ಇಂಜೆಕ್ಷನ್ ಒಂದನ್ನು ಸೂಚಿಸಿದ್ದು, ಅದಕ್ಕೆ ಅಡಿಕೆ ತೋಟವನ್ನು ಮಾರದೆ ಬೇರೆ ದಾರಿಯಿಲ್ಲ. ಪತ್ನಿ ಮಾರಬೇಡಿ ಎನ್ನುತ್ತಾರೆ, ಮಗ ಮಾರೋಣ ಎನ್ನುತ್ತಾನೆ. ನಾನೇನು ಮಾಡಲಿ ಎಂಬುದು ಅವರ ಪ್ರಶ್ನೆ.

ಸರ್, ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಪತ್ರದ ಕೊನೆಯ ಭಾಗದಲ್ಲಿ, ಪ್ರಯಾಣದ ಖರ್ಚಿನ ಲೆಕ್ಕದ ನಡುವೆ, ನೀವು ಹೀಗೆ ಬರೆದಿದ್ದೀರಿ: "ನೋವಿಗೆಂದು ಮಾರ್ಫಿನ್ ಮಾತ್ರೆ ಕೊಟ್ಟಿದ್ದಾರೆ. ಅದು ಚಟವಾಗಿಬಿಡುತ್ತದೆಂದು ಅಣ್ಣನವರು ತಮ್ಮ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ, ತೀರಾ ತಡೆಯಲಾಗದಾಗ ಒಂದು ಕೊಡುತ್ತೇವೆ. ಇವಳು ಬಹಳ ತಾಳ್ಮೆಯವಳು, ರಾತ್ರಿ ನನ್ನನ್ನು ಎಬ್ಬಿಸುವುದೂ ಇಲ್ಲ." ಇಡೀ ಪತ್ರದಲ್ಲಿ ನನ್ನನ್ನು ಕಾಡಿದ್ದು ತೋಟವಲ್ಲ, ಈ ಸಾಲುಗಳು.

ಮನೆಯ ಹೆಂಗಸು ನೋವು ನುಂಗುವುದನ್ನು ಸದ್ಗುಣವೆಂದು ಹೊಗಳುವ ಮನೆಗಳ ಬಗ್ಗೆ ಈ ಅಂಕಣದಲ್ಲಿ ಹಲವು ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಹಗಲೆಲ್ಲ ಶಾಲೆ, ಸಂಜೆ ಆಸ್ಪತ್ರೆಯ ಕಾಗದಪತ್ರ ಎಂದು ಬಳಲಿ ಮಲಗಿದ ಗಂಡನನ್ನು ಎಬ್ಬಿಸಲು ಮನಸ್ಸಾಗದೆ, ಮೂಳೆಗೆ ಇಳಿದ ಕ್ಯಾನ್ಸರಿನ ನೋವನ್ನು ಕತ್ತಲಲ್ಲಿ ಒಬ್ಬರೇ ಅನುಭವಿಸುವುದು ತಾಳ್ಮೆಯಲ್ಲ. ಕೇಳಿದರೂ ಸಿಗುವುದು ಕಷ್ಟ ಎಂದು ತಿಳಿದವರು ಕೇಳುವುದನ್ನೇ ಬಿಟ್ಟಿರುವುದು ಅದು. ನಿಮ್ಮ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ; ಆದರೆ ನನ್ನ ಮರುಕದ ಹೆಚ್ಚಿನ ಪಾಲು ಪತ್ರ ಬರೆಯದ ನಿಮ್ಮ ಪತ್ನಿಗೆ ಸಲ್ಲುತ್ತದೆ.

ನಿಮ್ಮ ಅಣ್ಣನವರ ಮೇಲೆ ನನಗೆ ಸಿಟ್ಟಿದೆ. ಅವರ ಭಯ ಅವರೊಬ್ಬರದೇ ಅಲ್ಲ, ನಿಜ. ಮಾದಕ ವಸ್ತುಗಳನ್ನು ತಡೆಯಲು ಬಂದ 1985ರ ಕಾಯ್ದೆಯ ಬಿಗಿ ನಿಯಮಗಳಿಂದಾಗಿ ನಮ್ಮ ಆಸ್ಪತ್ರೆಗಳೇ ಮಾರ್ಫಿನ್ ತರಿಸಿಡಲು ಹೆದರಿದ್ದವು. 2014ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ರೋಗಿಗಳಿಗೆ ಅದು ಸಿಗುವ ಹಾದಿ ಸುಲಭವಾಯಿತು. ಆದರೆ ಸಂಸತ್ತು ಸರಿಪಡಿಸಿದ ತಪ್ಪನ್ನು ಒಂದು ಬೀರುವಿನ ಬೀಗ ಮತ್ತೆ ಊರ್ಜಿತಗೊಳಿಸಬಾರದು. ವಿಶ್ವ ಆರೋಗ್ಯ ಸಂಸ್ಥೆ 1986ರಷ್ಟು ಹಿಂದೆಯೇ ಹೇಳಿದ ನಿಯಮ ಸರಳವಾಗಿದೆ: ಕ್ಯಾನ್ಸರಿನ ನೋವಿಗೆ ಔಷಧಿಯನ್ನು ಗಡಿಯಾರ ನೋಡಿ ಕೊಡಬೇಕು, ನರಳಾಟ ನೋಡಿ ಅಲ್ಲ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ನೋವು ಉಕ್ಕಿದ ಮೇಲೆ ಕೊಟ್ಟರೆ ಅದನ್ನು ತಗ್ಗಿಸುವುದು ಕಷ್ಟ, ಬೇಕಾಗುವ ಪ್ರಮಾಣವೂ ಹೆಚ್ಚು. ವೈದ್ಯರ ನಿಗಾದಲ್ಲಿ ಕ್ಯಾನ್ಸರ್ ನೋವಿಗೆ ತೆಗೆದುಕೊಳ್ಳುವವರಲ್ಲಿ ಚಟ ಹತ್ತುವುದು ವಿರಳ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಬರಬಹುದು, ಸಾಮಾನ್ಯವಾಗಿ ಅವು ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ, ಆದ್ದರಿಂದ ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ ಪಡೆಯಿರಿ.

ಇನ್ನು ತೋಟದ ವಿಷಯ. ಈ ಇಂಜೆಕ್ಷನ್ ಗುಣಪಡಿಸಲಿಕ್ಕೋ, ಕೆಲವು ತಿಂಗಳು ಕೂಡಿಸಲಿಕ್ಕೋ, ಆ ತಿಂಗಳುಗಳು ಹೇಗಿರುತ್ತವೆ ಎಂದು ವೈದ್ಯರನ್ನು ಪತ್ನಿಯ ಎದುರಿನಲ್ಲಿಯೇ ಕೇಳಿ, ನಿರ್ಧಾರವನ್ನು ಅವರಿಗೆ ಬಿಡಿ. ದೇಹ ಅವರದು. ಆದರೆ ನೋವಿನಲ್ಲಿರುವವರ "ಬೇಡ" ಎಂಬ ಮಾತು ಚಿಕಿತ್ಸೆಗೆ ಹೇಳಿದ್ದೋ ನೋವಿಗೆ ಹೇಳಿದ್ದೋ ತಿಳಿಯುವುದಿಲ್ಲ. ಮೊದಲು ನೋವು ಇಳಿಯಲಿ, ಅವರು ನಾಲ್ಕು ರಾತ್ರಿ ನಿದ್ರೆ ಮಾಡಲಿ, ಆಮೇಲೆ ತೋಟದ ಮಾತು ತೆಗೆಯಿರಿ.

ನೋವು, ಸಂಕಟಗಳನ್ನು ತಗ್ಗಿಸುವ ಉಪಶಾಮಕ (ಪ್ಯಾಲಿಯೇಟಿವ್) ಚಿಕಿತ್ಸೆ ಎಂದೊಡನೆ ಎಲ್ಲ ಮುಗಿಯಿತೆಂದು ಭಾವಿಸಬೇಡಿ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಪೈಕಿ ಕೀಮೋ ಜೊತೆಗೇ ಆರಂಭದಿಂದ ಈ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಿಂದ, ಸುಮಾರು ಎರಡೂವರೆ ತಿಂಗಳು ಹೆಚ್ಚು ಕಾಲ ಬದುಕಿದರು. ನಿಮ್ಮೂರಿನಿಂದ ಆಗುಂಬೆ ಘಾಟಿ ಇಳಿದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೂ ಇದೆ. ಬೆಂಗಳೂರಿನಲ್ಲೇ ಇರುವ, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳ ಆರೈಕೆ ಕೇಂದ್ರ ಕರುಣಾಶ್ರಯದಲ್ಲಿ ಆರೈಕೆಗೆ ಹಣ ತೆಗೆದುಕೊಳ್ಳುವುದಿಲ್ಲ. ಮೂಳೆಯ ನೋವಿಗೆ ವಿಕಿರಣ ಚಿಕಿತ್ಸೆ ಆಗುತ್ತದೆಯೇ ಎಂದೂ ಕೇಳಿ, ಎಷ್ಟೋ ಜನರಿಗೆ ಒಂದೇ ಸಲದ ವಿಕಿರಣದಿಂದ ನೋವು ಗಣನೀಯವಾಗಿ ತಗ್ಗುತ್ತದೆ. ಕಾಲುಗಳಲ್ಲಿ ಹೊಸದಾಗಿ ಬಲ ಕಡಿಮೆಯಾದರೆ, ಮರಗಟ್ಟಿದರೆ ಅಥವಾ ಮೂತ್ರ ಕಟ್ಟಿದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೊರಡಿ.

ಇವೆಲ್ಲಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದೇ. ಈ ದಿನವೇ ಅಣ್ಣನವರ ಬೀರುವಿನಿಂದ ಮಾತ್ರೆಗಳನ್ನು ನಿಮ್ಮ ಕೋಣೆಗೆ ತನ್ನಿ, ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ. ಇಷ್ಟು ದಿನ ಬಿಟ್ಟು ಬಿಟ್ಟು ಕೊಟ್ಟದ್ದನ್ನು ವೈದ್ಯರಿಗೆ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿ, ಅವರು ಹೇಳಿದ ಪ್ರಮಾಣ ಮತ್ತು ಸಮಯವನ್ನು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ರಾತ್ರಿಯ ಮಾತ್ರೆಗೆ ಅಲಾರಂ ಇಟ್ಟುಕೊಂಡು ನೀವೇ ಎದ್ದು ಕೊಡಿ. ಅವರು ಕೇಳಲಿ ಎಂದು ಕಾಯಬೇಡಿ. ಅಣ್ಣನವರು ಆಕ್ಷೇಪಿಸಿದರೆ ಮುಂದಿನ ಸಲ ಆಸ್ಪತ್ರೆಗೆ ಅವರನ್ನೂ ಕರೆದುಕೊಂಡು ಹೋಗಿ, ತಮ್ಮ ಸಂಶಯವನ್ನು ವೈದ್ಯರಲ್ಲಿಯೇ ಕೇಳಿಕೊಳ್ಳಲಿ.