ಹಳೆ ಮೊಟೊರೋಲಾ ಜಿಎಂ300 ಹ್ಯಾಮ್ ಬ್ಯಾಂಡ್‌ಗೆ ಬರುತ್ತಾ?

ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದು ತಿಂಗಳಾಯ್ತು, ಸೆಕ್ಯುರಿಟಿ ಏಜೆನ್ಸಿಯೊಂದು ಬಳಸುತ್ತಿದ್ದ ಮೊಟೊರೋಲಾ ಜಿಎಂ300 ವಿಎಚ್‌ಎಫ್ ವೈರ್‌ಲೆಸ್ ಸೆಟ್ ಕಡಿಮೆ ಬೆಲೆಗೆ ಸಿಕ್ಕಿದೆ, 2 ಮೀಟರ್ ಬ್ಯಾಂಡ್‌ನಲ್ಲಿ ಓಡಿಸಬಹುದಾ ಅಂತ ಕೇಳಿದ್ದೀರಿ.

ಓಡಿಸಬಹುದು. ಆದರೆ ಪ್ರೋಗ್ರಾಮಿಂಗ್ ಕೇಬಲ್ ಹುಡುಕುವ ಮೊದಲು ಸೆಟ್ಟಿನ ಲೇಬಲ್ ನೋಡಿ ಮಾಡೆಲ್ ನಂಬರ್ ಬರೆದುಕೊಳ್ಳಿ. ವಿಎಚ್‌ಎಫ್ ಜಿಎಂ300ನಲ್ಲಿ ಒಂದು ಬಗೆ 136ರಿಂದ 162 ಮೆಗಾಹರ್ಟ್ಸ್, ಇನ್ನೊಂದು 146ರಿಂದ 174. ಮೊದಲನೆಯದಾದರೆ ಅರ್ಧ ಕೆಲಸ ಮುಗಿದ ಹಾಗೆ. ಎರಡನೆಯದಾದರೆ ಸ್ವಲ್ಪ ತಾಳ್ಮೆ ಬೇಕು. ಅಮೆರಿಕದ ಹ್ಯಾಮ್‌ಗಳ 2 ಮೀಟರ್ ಬ್ಯಾಂಡ್ 144ರಿಂದ 148ರವರೆಗೆ ಇದೆ. ಹಾಗಾಗಿ 146ರಿಂದ ಶುರುವಾಗುವ ಸೆಟ್ಟೂ ಅವರಿಗೆ ಉಪಯೋಗಕ್ಕೆ ಬರುತ್ತದೆ. ಭಾರತದಲ್ಲಿ ನಮ್ಮ ಬ್ಯಾಂಡ್ 144ರಿಂದ ಶುರುವಾಗಿ 146ಕ್ಕೇ ಮುಗಿಯುತ್ತದೆ ಅಲ್ವಾ? ಅಂದರೆ ನಮ್ಮ ಎಲ್ಲ ಚಾನೆಲ್‌ಗಳೂ ಆ ಸೆಟ್ಟಿನ ರೇಂಜ್‌ಗಿಂತ ಕೆಳಗೇ ಬೀಳುತ್ತವೆ.

ನನ್ನ ಹತ್ತಿರ ಇರುವುದು ಇದೇ ಎರಡನೇ ಬಗೆ. 145ರ ಮೇಲೆ ಚೆನ್ನಾಗಿ ನಡೆಯುತ್ತದೆ. 144.5ಕ್ಕೆ ಹಾಕಿದಾಗ ಮೊದಲು ಸರಿಯಾಗೇ ಇತ್ತು. ಡಮ್ಮಿ ಲೋಡ್‌ಗೆ (ಆಂಟೆನಾ ಬದಲು ಪವರ್ ಹೀರಿಕೊಳ್ಳುವ ರೆಸಿಸ್ಟರ್) ಕೊಟ್ಟು ಆಗಾಗ ಪಿಟಿಟಿ, ಅಂದರೆ ಮಾತಾಡಲು ಒತ್ತುವ ಬಟನ್, ಒತ್ತುತ್ತಾ ಹೋದೆ. ಹಿಂದಿನ ಹೀಟ್ ಸಿಂಕ್ ಕೈಗೆ ಬಿಸಿ ತಾಗುವಷ್ಟಾದಾಗ ಬೀಪ್ ಶುರುವಾಯಿತು, ಪವರ್ ಮೀಟರ್ ಮುಳ್ಳು ಸೊನ್ನೆಗೆ ಬಂತು. ಫ್ರೀಕ್ವೆನ್ಸಿ ಹುಟ್ಟಿಸುವ ವಿಸಿಒ ಸರ್ಕ್ಯೂಟ್ ಲಾಕ್ ತಪ್ಪಿತ್ತು, ಅಂದರೆ ಹೇಳಿದ ಫ್ರೀಕ್ವೆನ್ಸಿಯಲ್ಲಿ ನಿಲ್ಲಲಾಗಲಿಲ್ಲ. ಆದ್ದರಿಂದ ತಣ್ಣಗಿರುವಾಗ ಒಂದು ಸಲ ಕೆಲಸ ಮಾಡಿತು ಅಂತ ನಂಬಬೇಡಿ. ಸೆಟ್ ಬಿಸಿ ಮಾಡಿ ನೋಡಿ. ಸರ್ವಿಸ್ ಮ್ಯಾನ್ಯುಯಲ್ ಕೈಯಲ್ಲಿ ಇಲ್ಲದೆ ಒಳಗಿನ ಯಾವ ಸ್ಕ್ರೂವನ್ನೂ ತಿರುಗಿಸಬೇಡಿ.

ಇನ್ನು ಪ್ರೋಗ್ರಾಮಿಂಗ್. ಇದರ ಸಾಫ್ಟ್‌ವೇರ್ ಡಾಸ್ ಕಾಲದ್ದು. ಕಂಪ್ಯೂಟರ್ ತುಂಬಾ ವೇಗದ್ದಾದರೆ ಟೈಮಿಂಗ್ ಕೆಡುತ್ತದೆ. ಯುಎಸ್‌ಬಿ ಕನ್ವರ್ಟರ್ ಕೂಡ ಬಹಳ ಸಲ ಕೈಕೊಡುತ್ತದೆ. ಸೀರಿಯಲ್ ಪೋರ್ಟ್ ಇರುವ ಹಳೆ ಲ್ಯಾಪ್‌ಟಾಪ್ ಒಂದನ್ನು ಎಲ್ಲಿಂದಾದರೂ ಹೊಂದಿಸಿಕೊಳ್ಳಿ. ಲ್ಯಾಪ್‌ಟಾಪ್‌ಗೂ ಸೆಟ್ಟಿಗೂ ಮಧ್ಯೆ ರಿಬ್ ಅನ್ನುವ ಇಂಟರ್‌ಫೇಸ್ ಡಬ್ಬಿ ಬೇಕು, ಅದು ಮೈಕ್ ಸಾಕೆಟ್‌ಗೇ ಸೇರುತ್ತದೆ. ಮೊದಲು ಸೆಟ್ಟಿನಲ್ಲಿರುವುದನ್ನು ಓದಿ ಫೈಲ್ ಮಾಡಿ ಇಟ್ಟುಕೊಳ್ಳಿ. ಬರೆಯುವುದು ಆಮೇಲೆ. ಬರೆಯುವಾಗ ಮಧ್ಯದಲ್ಲಿ ಕರೆಂಟ್ ಹೋದರೆ ಸೆಟ್ ಏಳದೇ ಹೋಗಬಹುದು, ಬ್ಯಾಟರಿ ಮೇಲೆ ಮಾಡುವುದೇ ವಾಸಿ.

ಏಜೆನ್ಸಿಯ ಹಳೆ ಚಾನೆಲ್‌ಗಳನ್ನೆಲ್ಲ ಅಳಿಸಿ. ಅಳಿಸುವ ತನಕ ಆಂಟೆನಾ ಹಾಕಿ ಪಿಟಿಟಿ ಒತ್ತಲೇಬೇಡಿ. ನಮ್ಮ ಲೈಸೆನ್ಸ್ ಹ್ಯಾಮ್ ಬ್ಯಾಂಡ್‌ಗೆ ಮಾತ್ರ. ಆ ಫ್ರೀಕ್ವೆನ್ಸಿಯಲ್ಲಿ ಈಗಲೂ ಯಾರೋ ಕೆಲಸದ ಮೇಲೆ ಮಾತಾಡುತ್ತಿರಬಹುದು. ಮಾರಿದವರಿಂದ ಒಂದು ಬರಹವನ್ನೂ ತೆಗೆದುಕೊಳ್ಳಿ. ಸೆಟ್ ಎಲ್ಲಿಂದ ಬಂತು ಅಂತ ಕೇಳಿದರೆ ತೋರಿಸಲು ಕಾಗದ ಬೇಕು.

ರಿಪೀಟರ್‌ಗೆ (ನಮ್ಮ ಮಾತನ್ನು ಹಿಡಿದು ದೂರಕ್ಕೆ ಮತ್ತೆ ಕಳಿಸುವ ಸ್ಟೇಷನ್) ಹಾಕುವಾಗ ಕಳಿಸುವ, ಕೇಳುವ ಫ್ರೀಕ್ವೆನ್ಸಿಗಳ ನಡುವಿನ 600 ಕಿಲೋಹರ್ಟ್ಸ್ ಶಿಫ್ಟನ್ನು ನೀವೇ ಲೆಕ್ಕ ಹಾಕಿ ಟಿಎಕ್ಸ್ (ಕಳಿಸುವುದು), ಆರ್‌ಎಕ್ಸ್ (ಕೇಳುವುದು) ಎರಡನ್ನೂ ಬೇರೆ ಬೇರೆ ತುಂಬಬೇಕು. ರಿಪೀಟರ್ ತೆರೆಯಲು ಬೇಕಾಗುವ ಟೋನ್ ಇದ್ದರೆ ಅದನ್ನೂ ಮರೆಯಬೇಡಿ. ಹ್ಯಾಮ್ ಸೆಟ್ಟಿನ ಹಾಗೆ ನಾಬ್ ತಿರುಗಿಸಿ ಬೇಕಾದ ಫ್ರೀಕ್ವೆನ್ಸಿಗೆ ಹೋಗಲು ಇದರಲ್ಲಿ ಬರುವುದಿಲ್ಲ. ಪ್ರೋಗ್ರಾಂ ಮಾಡಿದ ಚಾನೆಲ್ ಅಷ್ಟೇ.

ಇಷ್ಟೆಲ್ಲ ಕಷ್ಟ ಯಾಕೆ ಅಂದರೆ, ಇದರ ರಿಸೀವರ್‌ಗಾಗಿ. ಊರ ಮಧ್ಯೆ ಸುತ್ತಲೂ ಟವರ್‌ಗಳಿರುವ ಕಡೆ ನನ್ನ ಅಗ್ಗದ ಹ್ಯಾಂಡಿಯಲ್ಲಿ (ಕೈಯಲ್ಲಿ ಹಿಡಿಯುವ ಸೆಟ್) ಬರೀ ಗದ್ದಲ. ಅದೇ ಆಂಟೆನಾಗೆ ಜಿಎಂ300 ಹಾಕಿದರೆ ದೂರದ ಸ್ಟೇಷನ್‌ನ ಮಾತು ಸ್ಪಷ್ಟವಾಗಿ ಕೇಳುತ್ತದೆ. ಹಿಂದುಗಡೆ 16 ಪಿನ್‌ನ ಸಾಕೆಟ್ ಇದೆ. ಮುಂದೆ ಎಪಿಆರ್‌ಎಸ್ (ರೇಡಿಯೋ ಮೂಲಕ ಸ್ಥಳ, ಚಿಕ್ಕ ಸಂದೇಶ ಕಳಿಸುವ ವಿಧಾನ) ಮಾಡಬೇಕು ಅನಿಸಿದರೆ ಆಡಿಯೋ, ಪಿಟಿಟಿ ಎಲ್ಲ ಅಲ್ಲೇ ಸಿಗುತ್ತವೆ.

ಪವರ್ ಸಪ್ಲೈ 13.8 ವೋಲ್ಟ್ ಇರಲಿ, ಪ್ಲಸ್ ಮೈನಸ್ ಎರಡು ಸಲ ನೋಡಿ ಕನೆಕ್ಟ್ ಮಾಡಿ. ಮಾಡೆಲ್ ನಂಬರ್ ಇಲ್ಲಿ ಹಾಕಿದರೆ ಯಾವ ರೇಂಜಿನದು ಅಂತ ನೋಡಿ ಹೇಳುತ್ತೇನೆ.