ಆಂಟಿಬಯೋಟಿಕ್ ಕೊಟ್ಟ ಮೇಲೆ ಮೈಮೇಲೆ ದದ್ದು: ಇನ್ನು ಆ ಔಷಧ ಮುಟ್ಟಲೇಬಾರದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಗಳಿಗೆ 6 ವರ್ಷ. ಜ್ವರ, ಗಂಟಲು ನೋವು ಅಂತ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟಿದ್ದರು. ಜ್ವರ ಬಿಟ್ಟಿತು. ಆದರೆ ಆರನೇ ದಿನ ಎದೆ, ಬೆನ್ನ ಮೇಲೆ ಸಣ್ಣ ಕೆಂಪು ದದ್ದು ಎದ್ದು, ಮರುದಿನ ಕೈಕಾಲಿಗೂ ಹಬ್ಬಿತು. ತುರಿಕೆ ಅಷ್ಟೇನೂ ಇರಲಿಲ್ಲ. ಅತ್ತೆ ಪಿತ್ತದ ಗಂಧೆ ಅಂದುಕೊಂಡು ಮುರುಗಲ ಸಿಪ್ಪೆ ನೆನೆಸಿದ ನೀರು ಹಚ್ಚಿದರು. ಸಿರಪ್ ನಿಲ್ಲಿಸಿದೆವು, ನಾಲ್ಕೈದು ದಿನಕ್ಕೆ ಎಲ್ಲ ಹೋಯಿತು. ಇದು ಅಲರ್ಜಿಯಾ? ಮುಂದೆ ಅವಳಿಗೆ ಆಂಟಿಬಯೋಟಿಕ್ಕೇ ಆಗೋದಿಲ್ವಾ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಇದು ಪಿತ್ತದ ಗಂಧೆ ಇರಲಾರದು. ಗಂಧೆ ಉಬ್ಬಿಕೊಂಡು ಬರುತ್ತದೆ, ವಿಪರೀತ ತುರಿಸುತ್ತದೆ, ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುತ್ತದೆ. ಅನುಮಾನ ಬಂದರೆ ಒಂದು ದದ್ದಿನ ಸುತ್ತ ಬಾಲ್ ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲೇ ಸಮಯ ಬರೆದಿಡಿ. ಗಂಧೆಯಾದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಆ ಗೆರೆಯೊಳಗಿನ ಚರ್ಮ ಮೊದಲಿನಂತಾಗಿರುತ್ತದೆ. ನಿಮ್ಮ ಮಗಳದು ಹಾಗಲ್ಲ, ಬಂದ ಜಾಗದಲ್ಲೇ ಉಳಿದು ಹಬ್ಬಿದೆ.

ಅಮಾಕ್ಸಿಸಿಲಿನ್ ಶುರು ಮಾಡಿ ಐದರಿಂದ ಹತ್ತು ದಿನದ ನಡುವೆ ಹೀಗೆ ಸಣ್ಣ ದದ್ದು ಏಳುವುದು ಮಕ್ಕಳಲ್ಲಿ ತುಂಬಾ ಸಾಮಾನ್ಯ. ಎಷ್ಟೋ ಸಲ ಇದಕ್ಕೆ ಔಷಧ ಕಾರಣವೇ ಅಲ್ಲ. ಜ್ವರ ತಂದ ವೈರಸ್ಸೇ ದದ್ದನ್ನೂ ಎಬ್ಬಿಸುತ್ತದೆ. ಕೆಲವು ವೈರಸ್ ಇದ್ದಾಗ ಅಮಾಕ್ಸಿಸಿಲಿನ್ ಕೊಟ್ಟರೆ ಎರಡೂ ಸೇರಿ ಮೈತುಂಬ ದದ್ದು ಬರುತ್ತದೆ. ವೈರಸ್ ಹೋದ ಮೇಲೆ ಅದೇ ಔಷಧ ಸರಿಯಾಗಿ ಒಗ್ಗುತ್ತದೆ.

ಭಯಪಡಬೇಕಾದ ಅಲರ್ಜಿಯ ರೀತಿಯೇ ಬೇರೆ. ಅದು ಔಷಧ ತೆಗೆದುಕೊಂಡ ಕೆಲವೇ ನಿಮಿಷಕ್ಕೆ, ಹೆಚ್ಚೆಂದರೆ ಒಂದೆರಡು ಗಂಟೆಯಲ್ಲಿ ಕಾಣಿಸಿಕೊಳ್ಳುತ್ತದೆ. ಗಂಧೆ, ತುಟಿ ಕಣ್ಣು ಊದುವುದು, ಉಸಿರು ಕಟ್ಟುವುದು, ವಾಂತಿ, ತಲೆ ತಿರುಗಿ ಬೀಳುವುದು. ಇಂಥದ್ದು ಕಂಡರೆ ಒಂದು ಕ್ಷಣವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮನೆಯಲ್ಲಿರುವ ಸೆಟಿರಿಜಿನ್‌ನಂಥ ಅಲರ್ಜಿ ಔಷಧ ಇದಕ್ಕೆ ಸಾಲದು. ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಘಾಟಿ ರಸ್ತೆ, ಮಳೆಗಾಲ ಅಂದರೆ ದೊಡ್ಡಾಸ್ಪತ್ರೆ ತಲುಪುವುದು ತಡವಾಗುತ್ತದೆ ಅಲ್ವಾ? ಅದಕ್ಕೇ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಓಡಿ. ಶಿವಮೊಗ್ಗದ ಮೆಗ್ಗಾನ್‌ಗೇ ಹೋಗೋಣ ಅಂತ ಹೊರಡಬೇಡಿ.

ಇನ್ನೊಂದು ಬಗೆ ನಿಧಾನವಾಗಿ ಬರುತ್ತದೆ, ಆದರೆ ಅಷ್ಟೇ ಅಪಾಯ. ಜ್ವರದ ಜೊತೆ ಚರ್ಮ ಉರಿಯುವುದು, ಮುಟ್ಟಿದರೆ ನೋವು, ನೀರುಗುಳ್ಳೆ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪಾಗುವುದು. ಸಲ್ಫಾ ಗುಂಪಿನ ಮಾತ್ರೆಗಳಲ್ಲಿ ಇದನ್ನು ಜಾಸ್ತಿ ನೋಡುತ್ತೇವೆ. ಮಾತ್ರೆ ಶುರು ಮಾಡಿ ಎರಡು ಮೂರು ವಾರವಾದ ಮೇಲೂ ಬರಬಹುದು. ಬಾಯಿ, ಕಣ್ಣಿಗೆ ಬಂತು ಅಂದರೆ ಅದೇ ದಿನ ಆಸ್ಪತ್ರೆಗೆ ಸೇರಬೇಕು. ಹಾಗೆ ಒಮ್ಮೆ ಬಂದವರು ಆ ಔಷಧವನ್ನು ಜೀವನದಲ್ಲಿ ಮತ್ತೆ ಮುಟ್ಟಬಾರದು.

ನಿಮ್ಮ ಮಗಳಿಗೆ ಇದ್ಯಾವುದೂ ಆಗಿಲ್ಲ. ಆದ್ದರಿಂದ ಅವಳಿಗೆ ಆಂಟಿಬಯೋಟಿಕ್ ಆಗಲ್ಲ ಅಂತ ದಯವಿಟ್ಟು ಹಣೆಪಟ್ಟಿ ಹಚ್ಚಬೇಡಿ. ಅಮಾಕ್ಸಿಸಿಲಿನ್ ಪೆನಿಸಿಲಿನ್ ಗುಂಪಿನ ಔಷಧ. ಪೆನಿಸಿಲಿನ್ ಅಲರ್ಜಿ ಇದೆ ಅಂತ ನಂಬಿಕೊಂಡವರನ್ನು ಸರಿಯಾಗಿ ಪರೀಕ್ಷೆ ಮಾಡಿದಾಗ, ಹತ್ತರಲ್ಲಿ ಒಂಬತ್ತು ಜನಕ್ಕೆ ಅಲರ್ಜಿ ಇರುವುದೇ ಇಲ್ಲ. ನಿಜವಾಗಿ ಇದ್ದವರಲ್ಲೂ ಹತ್ತು ವರ್ಷ ಕಳೆಯುವಷ್ಟರಲ್ಲಿ ಹೆಚ್ಚಿನವರಿಗೆ ಅದು ಹೋಗಿರುತ್ತದೆ. ಸುಮ್ನೆ ಹಚ್ಚಿದ ಪಟ್ಟಿಯಿಂದ ಮಗುವಿಗೇ ನಷ್ಟ. ಸಾದಾ ಔಷಧ ಸಾಕಾಗುವ ಕಡೆ ದುಬಾರಿಯಾದ, ಜಾಸ್ತಿ ಜೋರಿನ ಔಷಧ ಕೊಡಬೇಕಾಗುತ್ತದೆ. ಮಕ್ಕಳ ಡಾಕ್ಟ್ರನ್ನು ಕೇಳಿ. ಇಂಥ ಸಾದಾ ದದ್ದು ಬಂದ ಮಕ್ಕಳಿಗೆ ಆಸ್ಪತ್ರೆಯಲ್ಲೇ ಸ್ವಲ್ಪ ಔಷಧ ಕೊಟ್ಟು, ಕಾದು ನೋಡಿ ತೀರ್ಮಾನಿಸುವ ಕ್ರಮ ಇದೆ. ಇದನ್ನು ಮನೆಯಲ್ಲಿ ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ.

ಅಲ್ಲಿಯ ತನಕ ಒಂದು ಕೆಲಸ ಮಾಡಿ. ಔಷಧದ ಹೆಸರು, ಎಷ್ಟನೇ ದಿನ ದದ್ದು ಬಂತು, ಹೇಗಿತ್ತು, ಎಷ್ಟು ದಿನ ಇತ್ತು, ಇಷ್ಟನ್ನೂ ಮಗುವಿನ ತಾಯಿ ಕಾರ್ಡಿನಲ್ಲಿ ಬರೆದಿಡಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಮುಂದೆ ನೋಡುವ ಡಾಕ್ಟ್ರಿಗೆ ಕೆಂಪು ಸಿರಪ್, ಹಳದಿ ಡಬ್ಬಿ ಅಂದರೆ ಏನೂ ತಿಳಿಯುವುದಿಲ್ಲ. ಆಗ್ಮೆಂಟಿನ್‌ನಲ್ಲಿ ಇರುವುದೂ ಅಮಾಕ್ಸಿಸಿಲಿನ್ನೇ, ಹಾಗಾಗಿ ಕಂಪನಿ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಹೆಸರನ್ನೇ ಬರೆಯಿರಿ. ಮುರುಗಲ ನೀರು ಹಚ್ಚಿದ್ದಕ್ಕೆ ಅತ್ತೆಯವರ ಮೇಲೆ ಬೇಸರ ಬೇಡ. ಒಂದೇ ಮಾತು, ಮುಂದೆ ದದ್ದು ಕಂಡರೆ ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟ್ರಿಗೆ ತೋರಿಸಿ.

ಪ್ರಶ್ನೆ: ಭೇದಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದಾಗಲೆಲ್ಲ ತುಟಿಯ ಮೇಲೆ, ತೊಡೆಯ ಮೇಲೆ ಅದೇ ಜಾಗದಲ್ಲಿ ಉರಿದು ಕಪ್ಪು ಕಲೆ ಆಗುತ್ತದೆ. ಯಾಕೆ? – ಸಾಗರದ ಓದುಗರು

ಉತ್ತರ: ಅದೇ ಜಾಗ ಅಂದಿದ್ದೀರಲ್ಲ, ಅದೇ ಮುಖ್ಯ ಸುಳಿವು. ಇದು ಆ ಮಾತ್ರೆಯ ಅಲರ್ಜಿಯೇ. ನಾರ್‌ಫ್ಲಾಕ್ಸಸಿನ್, ಟಿನಿಡಜೋಲ್, ಮೆಟ್ರೊನಿಡಜೋಲ್, ಸಲ್ಫಾ ಮಾತ್ರೆಗಳಿಂದ ಹೀಗಾಗುವುದು ಮಾಮೂಲು. ಭೇದಿ ಮಾತ್ರೆಯಲ್ಲಿ ಎರಡು ಔಷಧ ಸೇರಿಸಿರುತ್ತಾರೆ, ಅದಕ್ಕೇ ಖಾಲಿ ಶೀಟನ್ನು ಎಸೆಯದೆ ಚರ್ಮದ ಡಾಕ್ಟ್ರಿಗೆ ತೋರಿಸಿ. ಪ್ರತಿ ಸಲ ನುಂಗಿದಾಗಲೂ ಕಲೆ ಜಾಸ್ತಿಯಾಗುತ್ತಾ ಹೋಗುತ್ತದೆ, ಹೊಸ ಜಾಗಕ್ಕೂ ಬರಬಹುದು. ಎಷ್ಟೋ ಭೇದಿಗೆ ಆಂಟಿಬಯೋಟಿಕ್ ಬೇಕಾಗುವುದೇ ಇಲ್ಲ, ಓಆರ್‌ಎಸ್ ಸಾಕು.

ಪ್ರಶ್ನೆ: ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ನುಂಗುತ್ತಿದ್ದೇನೆ. ಅಡಿಕೆ ಅಂಗಳದಲ್ಲಿ ಕೆಲಸ ಮಾಡಿದ ದಿನ ಮುಖ, ಕೈ ಕೆಂಪಗೆ ಸುಟ್ಟಂತಾಗಿದೆ. ಮಾತ್ರೆ ಬಿಡಲಾ? – ಹೊಸನಗರದ ಓದುಗರು

ಉತ್ತರ: ನೀವೇ ಬಿಡಬೇಡಿ, ಇಲಿಜ್ವರ ಹಗುರವಾಗಿ ತೆಗೆದುಕೊಳ್ಳುವ ಕಾಯಿಲೆ ಅಲ್ಲ. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವಾಗ ಚರ್ಮ ಬಿಸಿಲನ್ನು ತಡೆಯುವುದಿಲ್ಲ. ಬಟ್ಟೆ ಮುಚ್ಚಿದ ಜಾಗ ಸರಿಯಾಗಿದ್ದು, ಬಿಸಿಲು ಬಿದ್ದ ಕಡೆ ಮಾತ್ರ ಕೆಂಪಾಗಿದ್ದರೆ ಇದೇ ಕಾರಣ ಇರಬೇಕು. ಬರೆದುಕೊಟ್ಟ ಡಾಕ್ಟ್ರಿಗೆ ಇವತ್ತೇ ತೋರಿಸಿ. ಕೋರ್ಸ್ ಮುಗಿಯುವ ತನಕ ಅಂಗಳದ ಕೆಲಸ ಬೇರೆಯವರಿಗೆ ಬಿಡಿ. ಹೊರಗೆ ಹೋಗಲೇಬೇಕಾದರೆ ತುಂಬುತೋಳಿನ ಅಂಗಿ, ಟೊಪ್ಪಿ ಇರಲಿ. ಮಾತ್ರೆಯನ್ನು ಒಂದು ಲೋಟ ತುಂಬ ನೀರಿನ ಜೊತೆ ನುಂಗಿ, ನುಂಗಿದ ಕೂಡಲೇ ಮಲಗಬೇಡಿ, ಅನ್ನನಾಳದಲ್ಲಿ ಹುಣ್ಣಾಗುತ್ತದೆ.

ಔಷಧದಿಂದ ಹೀಗೆ ತೊಂದರೆಯಾದರೆ 1800-180-3024ಕ್ಕೆ ಉಚಿತವಾಗಿ ಫೋನ್ ಮಾಡಿ ತಿಳಿಸಬಹುದು. ಇದು ಕೇಂದ್ರ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮದ ಸಹಾಯವಾಣಿ. ಡಾಕ್ಟ್ರೇ ಮಾಡಬೇಕು ಅಂತೇನಿಲ್ಲ, ನೀವೇ ಮಾಡಬಹುದು. ಮಾಡುವಾಗ ಶೀಟು ಕೈಯಲ್ಲಿರಲಿ.